ನಮ್ಮ ಮನೆ ಗುಂಪಿನ ಸಿಂಕ್ ಪುರಾಣ

ಕಲಬುರಗಿಯ ನಮ್ಮ ಹೊಸ ಮನೆಯ ಅಡುಗೆ ಕಟ್ಟೆಗೆ ಗ್ರಾನೈಟ್ ಬಂದು ಬಿದ್ದಿತ್ತು. ಸಿಂಕ್ ಯಾವುದು ಅಂತ ಹೇಳುವವರೆಗೆ ಕಲ್ಲು ಕೊರೆಯುವುದಿಲ್ಲ ಅಂತ ಗೌಂಡಿ ಹಟ ಹಿಡಿದಿದ್ದ. ಮನೆ ಗುಂಪಿನಲ್ಲಿ ಕೇಳಿದೆ. ಎಲ್ಲರೂ ನೋಡಿದರು, ಒಬ್ಬರೂ ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡ ಕಾಕಾ ಒಂದು ಫಾರ್ವರ್ಡ್ ಒಗೆದರು ನೋಡಿ, ಗುಂಪೆಲ್ಲ ಎದ್ದು ಕೂತಿತು.

"ಎಚ್ಚರ! ಮ್ಯಾಗ್ನೆಟ್ ಅಂಟುವ ಸಿಂಕ್ ನಕಲಿ ಸ್ಟೀಲ್. ಕ್ವಾರ್ಟ್ಜ್ ಸಿಂಕ್ ಆಸ್ಟ್ರೇಲಿಯಾದಲ್ಲೇ ಬ್ಯಾನ್! ಮನೆಯಲ್ಲಿಟ್ಟರೆ ಶ್ವಾಸಕೋಶ ಹಾಳು. ತಾಯಂದಿರಿಗೆ ತಪ್ಪದೇ ಕಳಿಸಿ."

ಬೆಂಗಳೂರು ತಮ್ಮ: ಸೋರ್ಸ್ ಏನ್ರಿ ಕಾಕಾ?

ದೊಡ್ಡ ಕಾಕಾ: ನಮ್ಮ ವಾಕಿಂಗ್ ಗುಂಪಿನ ರಿಟೈರ್ಡ್ ಇಂಜಿನಿಯರ್ ಕಳಿಸಿದ್ದು.

ಬೆಂಗಳೂರು ತಮ್ಮ: ಅವರಿಗೆ ಯಾರು ಕಳಿಸಿದ್ದು ಅಂತ ಕೇಳ್ತಿದ್ದೀನಿ.

ದೊಡ್ಡ ಕಾಕಾ: ನಿನ್ನನ್ನು ಅಷ್ಟು ಓದಿಸಿದ್ದು ಇದಕ್ಕೇ ಅಲ್ವಾ, ಹಿರಿಯರಿಗೆ ಸೋರ್ಸ್ ಕೇಳೋದಕ್ಕೆ.

ವೈನಿ: ಇದು ನನಗೇ ಹಾಕಿದ್ದು ಅಂತ ಗೊತ್ತಾಯ್ತು ಬಿಡ್ರಿ. ಮನೆ ಶಾಂತಿಗೆ ಬಂದಾಗ ನಮ್ಮ ಕಪ್ಪು ಕ್ವಾರ್ಟ್ಜ್ ಸಿಂಕ್ ಭಾಳ ಚಂದ ಅದ ಅಂದಿದ್ರಿ.

ದೊಡ್ಡ ಕಾಕಾ: ಉಂಡ ಮನೆಯಲ್ಲಿ ಕೊಂಕು ತೆಗೆಯೋದು ನಮ್ಮ ಪದ್ಧತಿ ಅಲ್ಲಮ್ಮ.

ಇದಾದ ಮೇಲೆ ವೈನಿ ಎರಡು ತಾಸು ಸುಮ್ಮನಿದ್ದರು. ಅವರು ಸುಮ್ಮನಿದ್ದರೆ ಅಣ್ಣನಿಗೆ ಊಟ ತಡ ಅಂತ ನಮಗೆಲ್ಲ ಗೊತ್ತು. ನಿಜ ಹೇಳಬೇಕೆಂದರೆ ಆ ಸಿಂಕಿನಿಂದ ಯಾರಿಗೂ ರೋಗ ಬಂದಿಲ್ಲ. ತೊಂದರೆ ಇರುವುದು ಬೋರ್ ನೀರಿನದು. ಲೋಟ ಇಟ್ಟಲ್ಲೆಲ್ಲ ಬಿಳಿ ಉಂಗುರ. ಗೇಟಿನ ಸದ್ದಾದರೆ ಸಾಕು, ವೈನಿ ಮೊದಲು ಓಡುವುದು ಬಟ್ಟೆ ಹಿಡಿದು ಸಿಂಕಿನ ಕಡೆಗೆ. ಸ್ಟೀಲಿನ ಮೇಲೂ ಆ ಉಪ್ಪು ಕೂರುತ್ತದೆ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ ಅಷ್ಟೇ.

ಬೀದರ್ ಅತ್ತಿ: ಕಪ್ಪು ಬೇಕಿದ್ದರೆ ನಮ್ಮೂರಿನ ಬಿದರಿ ಹೂಜಿ ತಗೊಂಡು ಶೋಕೇಸಿನಾಗ ಇಡಬೇಕು. ಭಾಂಡೆ ತಿಕ್ಕೋ ಜಾಗಕ್ಕೆ ಯಾಕೆ?

ಯಾದಗಿರಿ ಅಣ್ಣ: ಅಮ್ಮನ ಮನೆ ಮೋರಿ ನೆನಪಿದೆಯಾ ಯಾರಿಗಾದರೂ? ಶಾಬಾದ್ ಫರ್ಸಿ, ಒಂದು ಕಡೆ ಬೂದಿ ಡಬ್ಬಿ, ಇನ್ನೊಂದು ಕಡೆ ಹುಣಸೆಹಣ್ಣು. ಹಿತ್ತಾಳೆ ಕೊಡ ತಿಕ್ಕಿ ತಿಕ್ಕಿ ಆ ಜಾಗ ಒರಟಾಗಿ ಹೋಗಿತ್ತು. ಅಲ್ಲೇ ಕೂತು ನಾವು ಮಾವಿನಹಣ್ಣು ತಿಂತಿದ್ವಿ.

ಒರಟಾಗದೆ ಏನಾಗುತ್ತದೆ? ಫರ್ಸಿ ಅಂದರೆ ಸುಣ್ಣದ ಕಲ್ಲು, ಹುಣಸೆ ನಿಂಬೆಯ ಹುಳಿ ತಾಗಿದರೆ ಮೇಲ್ಪದರ ಕರಗುತ್ತದೆ. ಅದನ್ನು ಬರೆಯೋಣ ಅಂತ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಅತ್ತಿ ಗುಂಡು ಹಾರಿಸಿದರು.

ಬೀದರ್ ಅತ್ತಿ: ಆ ಫರ್ಸಿ ಈಗ ಯಾರ ಹೊಲದ ಮನೆಯಾಗ ಅದಾವ ಅಂತ ಎಲ್ಲರಿಗೂ ಗೊತ್ತದ.

ದೊಡ್ಡ ಕಾಕಾ: ಹಳೇ ಮನೆ ಕೆಡವಿದಾಗ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟಿದ್ದು ನಾನು. ಒಬ್ಬರಾದರೂ ಬಂದು ಒಂದು ಕಲ್ಲು ಎತ್ತಿದಿರಾ?

ಬೀದರ್ ಅತ್ತಿ: ಕರೆದಿದ್ದರೆ ಬರ್ತಿದ್ವಿ.

ಬೆಂಗಳೂರು ತಮ್ಮ: ಬಾಡಿಗೆ ಕೊಟ್ಟ ರಸೀದಿ ಇದೆಯಾ? 😄

ಈ ಗದ್ದಲದ ನಡುವೆ ಡಿಪ್ಲೊಮಾ ಮೆಕ್ಯಾನಿಕಲ್ ಓದುವ ನಮ್ಮ ಪುಟ್ಟಿ ಉದ್ದಕ್ಕೆ ಬರೆದಳು. 304 ಅನ್ನುವ ಒಳ್ಳೆಯ ದರ್ಜೆಯ ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಎರಡಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಹಾಗಾಗಿ ಅಂಗಡಿಯವನು 202 ಕೊಟ್ಟು 304 ಅಂದರೂ ಮ್ಯಾಗ್ನೆಟ್ ಹಿಡಿದವರಿಗೆ ತಿಳಿಯುವುದಿಲ್ಲ. ಇನ್ನು ಒಳ್ಳೆಯ 304 ಹಾಳೆಯನ್ನೇ ಒತ್ತಿ ಬಗ್ಗಿಸಿದಾಗ ಮೂಲೆಗಳಲ್ಲಿ ಸ್ವಲ್ಪ ಅಂಟಬಹುದು. ಆಸ್ಟ್ರೇಲಿಯಾದ ಕತೆಯೂ ಬೇರೆಯೇ. 2024ರ ಜುಲೈ 1ರಿಂದ ಅಲ್ಲಿ ಬ್ಯಾನ್ ಆಗಿದ್ದು ಕಟ್ಟೆಗೆ ಹಾಕುವ, ಕ್ವಾರ್ಟ್ಜ್‌ನಂಥ ಕೃತಕ ಕಲ್ಲಿನ ಹಲಗೆಗಳು. ಅವನ್ನು ಕೊರೆಯುವ ಕೆಲಸಗಾರರ ಎದೆಗೆ ಸಿಲಿಕಾ ಧೂಳು ಸೇರಿ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬರುತ್ತದೆ. ತಯಾರಾಗಿ ಬರುವ ಸಿಂಕಿಗೆ ಆ ಬ್ಯಾನ್ ಇಲ್ಲ.

ಇಷ್ಟಕ್ಕೆ ಬಂದದ್ದು ಒಂದು ಹೆಬ್ಬೆಟ್ಟು. ಅದೂ ಯಾದಗಿರಿ ಅಣ್ಣನದು, ಅವನು ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಾನೆ. ಸೋರ್ಸ್ ಸೋರ್ಸ್ ಅಂತ ಬಡಿದುಕೊಂಡ ತಮ್ಮ ಕೂಡ ಓದಲಿಲ್ಲ. ಅವನು ಆಗ ರಸೀದಿಯ ಹಿಂದೆ ಬಿದ್ದಿದ್ದ.

ದೊಡ್ಡ ಕಾಕಾ: ಸಿಂಕ್ ಯಾವುದಾದರೇನು? ನಮ್ಮ ಕಾಲದಲ್ಲಿ ಉಂಡವರೇ ತಮ್ಮ ತಾಟು ತೊಳೀತಿದ್ದರು. ಈಗಿನವರಿಗೆ ಸಂಸ್ಕಾರ ಇಲ್ಲ.

ಕಾಕಿ: ಯಾವ ಕಾಲ ಅದು? ನಾ ಈ ಮನೆಗೆ ಬಂದ ಮೇಲಂತೂ ನೋಡಿಲ್ಲ.

ಕಾಕಿ ಗುಂಪಿನಲ್ಲಿ ಬರೆಯುವುದು ಹಬ್ಬಕ್ಕೊಮ್ಮೆ. ಬರೆದರೆ ಹೀಗೆ.

ನಾನು ಪುಟ್ಟಿಗೆ ಫೋನ್ ಮಾಡಿ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ರೊಟ್ಟಿ ಹಿಟ್ಟು ನಾದುವ ಪರಾತ ಕೈಯಲ್ಲೇ ಇತ್ತು. ಅಂಗಡಿಯವನು ನಕ್ಕ, ನಗಲಿ ಬಿಡಿ. ಎರಡು ಬಟ್ಟಲಿನ ಸಿಂಕಿನಲ್ಲಿ ಪರಾತ ಓರೆಯಾಗಿ ನಿಂತಿತು, ತಳಕ್ಕೆ ಇಳಿಯಲೇ ಇಲ್ಲ. ಒಂದೇ ದೊಡ್ಡ ಬಟ್ಟಲಿನದರಲ್ಲಿ ಅಗಲಕ್ಕೆ ಮಲಗಿತು. ಅಲ್ಲಿಗೆ ಅರ್ಧ ತೀರ್ಮಾನ ಆದಂತೆ. ಗೇಜಿನ ನಂಬರ್ ಕಡಿಮೆ ಇದ್ದಷ್ಟೂ ಹಾಳೆ ದಪ್ಪ ಅನ್ನುವುದನ್ನು ಪುಟ್ಟಿ ಹೇಳಿದಳು. 20 ಗೇಜಿನದು ತಟ್ಟಿದರೆ ಡಬ್ಬಿಯ ಸದ್ದು. 18ರದು ಸುಮಾರು 1.2 ಮಿಲಿಮೀಟರ್, ಕೆಳಗೆ ರಬ್ಬರ್ ಪ್ಯಾಡ್ ಬೇರೆ ಇತ್ತು. ಬಿಲ್ಲಿನಲ್ಲಿ 304 ಅಂತ ಬರೆಸಿಕೊಂಡೆವು.

ಸಿಂಕನ್ನು ಕಲ್ಲಿನ ಕೆಳಗೇ ಕೂರಿಸಿದೆವು. ಮೇಲೆ ಕೂರಿಸಿದರೆ ಅಂಚಿನ ಸಂದಿಯಲ್ಲಿ ಜೋಳದ ಹಿಟ್ಟು ಕೂತು ಗಟ್ಟಿಯಾಗುತ್ತದೆ. ಕೆಳಗಿದ್ದರೆ ಕಟ್ಟೆ ಒರೆಸಿದ್ದು ನೇರ ಒಳಗೆ. ಕೊರೆದ ಅಂಚಿಗೆ ಪಾಲಿಶ್ ಮಾಡಬೇಕು ಅಂತ ಗೌಂಡಿ ಗೊಣಗಿದ, ಕೂಲಿ ಜಾಸ್ತಿ ಅಂದ, ಮಾಡಿದ.

ಫೋಟೋ ಗುಂಪಿಗೆ ಹಾಕಿದಾಗ ಅತ್ತಿ, ಕಾಕಾ ಇಬ್ಬರೂ ನೋಡಲಿಲ್ಲ. ಫರ್ಸಿ ಎಷ್ಟು ಇದ್ದವು ಅನ್ನುವ ಲೆಕ್ಕ ನಡೆದಿತ್ತು. ಸಂಜೆ ಅಣ್ಣ ತಲೆಕೆಟ್ಟು, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಗುಂಪಿಗೆ ಬೀಗ ಹಾಕಿದ. ಶರಣಬಸವೇಶ್ವರ ಜಾತ್ರೆಗೆ ಹೋಗಲು ಮಾಡಿದ ಇನ್ನೊಂದು ಗುಂಪು ಇತ್ತಲ್ಲ, ಜಗಳ ಈಗ ಅಲ್ಲಿ ಸಾಗಿದೆ.