ಹಳೆಯ ಟೇಬಲ್ ಸಾ ಯಂತ್ರಕ್ಕೆ ಬದಲಿ ಮೈಟರ್ ಗೇಜ್: ಅನುಭವ ಇದ್ದವರು ತಿಳಿಸಿ

ಪ್ರಶ್ನೆ

ಬಳಸಿದ ಟೇಬಲ್ ಸಾ (ಮೇಜಿನ ಸೀಳಿನಿಂದ ಮೇಲೆದ್ದ ದುಂಡು ಬ್ಲೇಡಿನ ಗರಗಸ) ಒಂದು ನನ್ನ ಪಾಲಿಗೆ ಬಂದಿದೆ. ಮೋಟಾರು, ಎರಕದ ಕಬ್ಬಿಣದ ಮೇಜು ಎರಡೂ ಚೆನ್ನಾಗಿವೆ. ಆದರೆ ಮರವನ್ನು ಅಡ್ಡ ಕೊಯ್ಯುವಾಗ ಆಸರೆಯಾಗಿ ತಳ್ಳಿಕೊಂಡು ಹೋಗುವ ಮೈಟರ್ ಗೇಜ್ ಹಿಂದಿನವರ ಕಾಲದಲ್ಲೇ ಕಳೆದುಹೋಗಿದೆ. ಈ ಮಾದರಿಯ ಬಿಡಿಭಾಗಗಳ ತಯಾರಿಕೆ ನಿಂತು ಬಹಳ ವರ್ಷಗಳಾಗಿವೆ. ಬೇರೆ ಗೇಜ್ ಕೊಂಡರೆ ಹೊಂದೀತೇ, ಕೊಳ್ಳುವ ಮೊದಲು ಏನೇನು ನೋಡಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಯಂತ್ರದ ಹೆಸರು ಮತ್ತು ಮಾದರಿ ಸಂಖ್ಯೆ ಹಿಡಿದು ಹುಡುಕುವುದನ್ನು ಸದ್ಯಕ್ಕೆ ಬದಿಗಿಟ್ಟು, ಮೇಜಿನ ಮೇಲಿನ ಜಾಡನ್ನು, ಅಂದರೆ ಗೇಜ್‌ನ ಪಟ್ಟಿ ಕೂತು ಜಾರುವ ಉದ್ದನೆಯ ತೋಡನ್ನು, ಅಳೆಯಿರಿ. ಗೇಜ್ ಹೊಂದಬೇಕಾದದ್ದು ಜಾಡಿಗೇ ಹೊರತು ಹೆಸರಿಗಲ್ಲ. ಬಿಡಿಯಾಗಿ ಸಿಗುವ ಗೇಜ್‌ಗಳಲ್ಲಿ ಹೆಚ್ಚಿನವು ಮುಕ್ಕಾಲು ಇಂಚು ಅಗಲ ಮತ್ತು ಅದರ ಅರ್ಧದಷ್ಟು ಆಳದ ಜಾಡಿಗೆ, ಅಂದರೆ 19.05 ಮತ್ತು ಸುಮಾರು 9.5 ಮಿಲಿಮೀಟರ್ ಲೆಕ್ಕಕ್ಕೆ, ತಯಾರಾದವು. ಹಳೆಯ ಕೆಲವು ಯಂತ್ರಗಳಲ್ಲಿ, ವಿಶೇಷವಾಗಿ ಚಿಕ್ಕ ಮೇಜಿನವುಗಳಲ್ಲಿ, ಜಾಡು ಇದಕ್ಕಿಂತ ಕಿರಿದಾಗಿರುತ್ತದೆ. ನನ್ನದೂ ಅಂಥದ್ದೇ ಆಗಿತ್ತು. ಅಳೆಯದೆ ತರಿಸಿಕೊಂಡ ಗೇಜನ್ನು ಪೆಟ್ಟಿಗೆಯಿಂದ ತೆಗೆದು ಜಾಡಿಗಿಟ್ಟರೆ, ಅದರ ಪಟ್ಟಿ ಎರಡೂ ಅಂಚುಗಳ ಮೇಲೆ ಕುಳಿತಿತೇ ಹೊರತು ಒಳಗಿಳಿಯಲಿಲ್ಲ.

ಅಳೆಯುವ ಮೊದಲು ಜಾಡಿನ ಮೂಲೆಗಳಲ್ಲಿ ಗಟ್ಟಿಯಾಗಿ ಕೂತ ಮರದ ಪುಡಿ, ಅಂಟು, ತುಕ್ಕು ಎಲ್ಲವನ್ನೂ ಕೆರೆದು ತೆಗೆಯಬೇಕು. ಆಮೇಲೆ ಮುಂದೆ, ನಡುವೆ, ಹಿಂದೆ ಎಂದು ಮೂರು ಕಡೆ ಕ್ಯಾಲಿಪರ್ ಹಿಡಿದು, ಅತಿ ಕಿರಿದಾದ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾಲಿಪರ್ ಇಲ್ಲದಿದ್ದರೆ, ಗಟ್ಟಿ ಮರದ ತುಂಡೊಂದಕ್ಕೆ ಹತ್ತರಿ ಹೊಡೆದು, ಅದು ಜಾಡಿನಲ್ಲಿ ಅಲುಗಾಡದೆ ಜಾರುವ ಹದಕ್ಕೆ ತಂದು, ಆ ತುಂಡನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಜಾಡಿನ ಆಕಾರವನ್ನೂ ನೋಡಿ: ಕೆಲವು ಜಾಡುಗಳು ತಳದಲ್ಲಿ ಅಗಲವಾಗಿ, ತಲೆಕೆಳಗಾದ 'ಟಿ' ಅಕ್ಷರದಂತಿರುತ್ತವೆ. ಅಂಥ ಜಾಡಿಗಾಗಿ ಮಾಡಿದ ಗೇಜ್‌ನ ಪಟ್ಟಿಯ ತುದಿಯಲ್ಲಿ ದುಂಡನೆಯ ವಾಷರ್ ಇದ್ದು, ಗೇಜನ್ನು ಮೇಜಿನಿಂದಾಚೆ ಮುಂದಕ್ಕೆ ಎಳೆದಾಗ ಅದು ಮಗುಚದಂತೆ ತಡೆಯುತ್ತದೆ. ನಿಮ್ಮದು ನೇರ ಜಾಡಾದರೆ ಆ ವಾಷರನ್ನು ಬಿಚ್ಚಿದರಾಯಿತು.

ಎರಡನೆಯ ಉತ್ತರ

ಮೇಲಿನವರ ಮಾತು ಸರಿ. ಅದಕ್ಕೆ ಸೇರಿಸಬೇಕಾದದ್ದೆಂದರೆ, ಪಟ್ಟಿ ತುಸು ಸಡಿಲವಾದರೆ ಗೇಜನ್ನು ಎಸೆಯಬೇಕಿಲ್ಲ, ಆದರೆ ಆ ಸಡಿಲವನ್ನು ಸಹಿಸಿಕೊಳ್ಳಲೂ ಬಾರದು. ಜಾಡಿನೊಳಗಿರುವ ಪಟ್ಟಿಯ ಉದ್ದ 300 ಮಿ.ಮೀ. ಇದ್ದು, ಅದರ ತುದಿ ಅಕ್ಕಪಕ್ಕಕ್ಕೆ 0.3 ಮಿ.ಮೀ. ಆಡುತ್ತಿದ್ದರೆ, 600 ಮಿ.ಮೀ. ಅಗಲದ ಹಲಗೆಯ ಕೊಯ್ತದಲ್ಲಿ ಅದು 0.6 ಮಿ.ಮೀ. ಓರೆಯಾಗಿ ಕಾಣಿಸಬಹುದು. ನಾಲ್ಕು ಮೂಲೆಯ ಚೌಕಟ್ಟಿಗೆ ಎಂಟು ಕೊಯ್ತ ಬೇಕಾಗುವುದರಿಂದ ಇಂಥ ತಪ್ಪುಗಳೆಲ್ಲ ಕೂಡಿಕೊಂಡು ಕೊನೆಯ ಮೂಲೆಯಲ್ಲಿ ಬಾಯಿ ಬಿಡುತ್ತವೆ.

ಉಕ್ಕಿನ ಪಟ್ಟಿಯಾದರೆ ಅದರ ಪಕ್ಕದ ಅಂಚಿನ ಮೇಲೆ ಎರಡು ಬೆರಳಿಗೊಂದರಂತೆ ಸೆಂಟರ್ ಪಂಚ್ (ಗುಳಿ ಹೊಡೆಯುವ ಚೂಪು ಮೊನೆಯ ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೆಯಿಂದ ಹದವಾಗಿ ಬಡಿಯಿರಿ. ಪ್ರತಿ ಗುಳಿಯ ಸುತ್ತ ಲೋಹ ಉಂಗುರದಂತೆ ಕೂದಲೆಳೆಯಷ್ಟು ಮೇಲೇಳುತ್ತದೆ. ಆಮೇಲೆ ಜಾಡಿಗಿಟ್ಟು ತಳ್ಳಿ ನೋಡಿ, ಬಿಗಿದ ಕಡೆ ಸಣ್ಣ ಅರದಿಂದ ಒಂದೆರಡು ಸಲ ಉಜ್ಜಿದರೆ ಹದ ಸಿಗುತ್ತದೆ. ಅಲ್ಯೂಮಿನಿಯಂ ಪಟ್ಟಿಗೂ ಇದನ್ನೇ ಮಾಡಬಹುದಾದರೂ ಎದ್ದ ಉಂಗುರಗಳು ಬೇಗ ಸವೆಯುತ್ತವೆ. ಪಕ್ಕಕ್ಕೆ ಹಿಗ್ಗುವ ತಿರುಪುಗಳಿರುವ ಪಟ್ಟಿಯ ಗೇಜ್ ಸಿಕ್ಕರೆ ಈ ಬಡಿಯುವ ಕೆಲಸವೇ ತಪ್ಪುತ್ತದೆ. ಹಳೆಯ ಯಂತ್ರದವರು ಅದನ್ನೇ ಆರಿಸುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ

ನಾನು ಗೇಜ್ ಹುಡುಕುವುದನ್ನೇ ಬಿಟ್ಟೆ. ಎರಡೂ ಜಾಡುಗಳಿಗೆ ಗಟ್ಟಿ ಮರದ ಪಟ್ಟಿಗಳನ್ನು ಹೊಂದಿಸಿ, ಅವುಗಳ ಮೇಲೆ ಪ್ಲೈವುಡ್ ಹಲಗೆ ಅಂಟಿಸಿ, ಹಿಂದೆ ಮುಂದೆ ತಡೆಗಟ್ಟೆ ಕಟ್ಟಿಕೊಂಡ ಜಾರುಹಲಗೆಯಲ್ಲೇ ಎಲ್ಲ ನೇರ ಅಡ್ಡ ಕೊಯ್ತಗಳನ್ನೂ ಮುಗಿಸುತ್ತೇನೆ. ಜಾಡು ಎಷ್ಟೇ ವಿಚಿತ್ರ ಅಳತೆಯದ್ದಾದರೂ ಮರದ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬಹುದು. ದಿನಕ್ಕೊಂದು ಬೇರೆ ಕೋನದಲ್ಲಿ ಕೊಯ್ಯುವವರಿಗೆ ಮಾತ್ರ ಇದು ಸಾಲದು.

ನಾಲ್ಕನೆಯ ಉತ್ತರ

ಯಾವ ಗೇಜ್ ತಂದರೂ ಅದರ ಮೇಲಿನ ಅಂಕಿಗಳನ್ನು ನಂಬಬೇಡಿ. ಮೊದಲು ಜಾಡಿಗೆ ಬ್ಲೇಡ್ ಸಮಾನಾಂತರವಾಗಿದೆಯೇ ಎಂದು ನೋಡಿ. ಅದು ಓರೆಯಿದ್ದರೆ ಗೇಜನ್ನು ತಿದ್ದುವುದೆಲ್ಲ ವ್ಯರ್ಥ. ಬಳಿಕ ಎರಡು ಅಂಚುಗಳೂ ಸಮಾನಾಂತರವಾಗಿರುವ ಹಲಗೆಯೊಂದನ್ನು ಅಡ್ಡ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಮೈಗಳನ್ನು ಒಂದಕ್ಕೊಂದು ಒತ್ತಿಡಿ. ನಡುವೆ ಬೆಳಕು ಕಂಡರೆ ಗೇಜ್ ತಪ್ಪಿದೆ, ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಮೂಲೆಮಟ್ಟಕ್ಕಿಂತ ನನಗೆ ಈ ಪರೀಕ್ಷೆಯ ಮೇಲೆಯೇ ಹೆಚ್ಚು ನಂಬಿಕೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗೇಜ್‌ನಿಂದ ಅಡ್ಡ ಕೊಯ್ಯುವಾಗ, ಉದ್ದ ಕೊಯ್ಯಲು ಬ್ಲೇಡಿಗೆ ಸಮಾನಾಂತರವಾಗಿ ಇರುವ ಆಸರೆಯಾದ ಫೆನ್ಸನ್ನು ಅಳತೆಯ ತಡೆಯಾಗಿ ಬಳಸಬಾರದು. ಕತ್ತರಿಸಿದ ತುಂಡು ಬ್ಲೇಡ್ ಮತ್ತು ಫೆನ್ಸ್ ನಡುವೆ ಸಿಕ್ಕಿ ತಿರುಚಿಕೊಂಡು ಕೊಯ್ಯುವವರ ಕಡೆಗೇ ಚಿಮ್ಮುತ್ತದೆ. ಒಂದೇ ಅಳತೆಯ ತುಂಡುಗಳು ಬೇಕಾದರೆ, ಗೇಜ್‌ನ ಮುಖಕ್ಕೆ ಉದ್ದನೆಯ ಮರದ ಪಟ್ಟಿಯನ್ನು ತಿರುಪಿನಿಂದ ಬಿಗಿದು, ತಡೆಯನ್ನು ಆ ಪಟ್ಟಿಗೇ ಕಟ್ಟಿ. ಪಟ್ಟಿಯ ಮುಖಕ್ಕೆ ಉಪ್ಪುಕಾಗದ ಅಂಟಿಸಿದರೆ ಓರೆ ಕೊಯ್ಯುವಾಗ ಹಲಗೆ ಜಾರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಜಾಡನ್ನು ತೊಳೆದು ಅಳೆದಾಗ ನಡುವೆ 15.9 ಮಿ.ಮೀ., ಮುಂದಿನ ಬಾಯಿಯಲ್ಲಿ 15.7 ಮಿ.ಮೀ. ಬಂತು, ಯಾವಾಗಲೋ ಏನೋ ಬಡಿದು ಅಂಚು ಒಳಕ್ಕೆ ಬಾಗಿತ್ತು, ಅದನ್ನು ಅರದಿಂದ ಸರಿಮಾಡಿದೆ. ಬೇರೊಂದು ಯಂತ್ರದ ಅಗಲ ಪಟ್ಟಿಯ ಗೇಜ್ ಕೈಗೆ ಸಿಕ್ಕಿದ್ದರಿಂದ, ಅದರ ತಲೆಯನ್ನು ಮಾತ್ರ ಉಳಿಸಿಕೊಂಡು, 16 ಮಿ.ಮೀ. ಅಗಲದ ಉಕ್ಕಿನ ಪಟ್ಟಿಯನ್ನು ಉಜ್ಜಿ ಹದಕ್ಕೆ ತಂದು, ಹಳೆಯ ಪಟ್ಟಿಯ ಮಧ್ಯರೇಖೆಗೆ ಸರಿಯಾಗಿ ತೂತುಗಳನ್ನು ಕೊರೆದು ಜೋಡಿಸಿದ್ದೇನೆ. ಮಗುಚುವ ಪರೀಕ್ಷೆಯಲ್ಲಿ ಮೊದಲ ಸಲ ಕಾಗದ ತೂರುವಷ್ಟು ಸಂದು ಇತ್ತು, ತಲೆಯನ್ನು ತುಸು ತಿರುಗಿಸಿ ಬಿಗಿದ ಮೇಲೆ ಅದೂ ತೂರಲಿಲ್ಲ.