ಮರು: "ಬಫೆ" ಊಟಕ್ಕೆ ಕನ್ನಡದಲ್ಲಿ ಏನನ್ನೋಣ? ನಾಳೆ ಕಾರ್ಡು ಪ್ರಿಂಟಿಗೆ ಹೋಗಬೇಕು

> ಹೊಸ ಮನೆಗೆ ಬಂದಿದ್ದೇವೆ. ಶನಿವಾರ ರಾತ್ರಿ ನೆಂಟರು, ಸ್ನೇಹಿತರು, ಆಫೀಸಿನವರು ಸೇರಿ ನಲವತ್ತು ಜನಕ್ಕೆ ಮನೆಯಲ್ಲೇ ಬಫೆ ಊಟ. ಕರೆಯೋಲೆಯಲ್ಲಿ ಒಂದು ಸಾಲು, ಮೇಜಿನ ಮೇಲೆ ಒಂದು ಫಲಕ, ಪಾತ್ರೆಗಳ ಮುಂದೆ ಚೀಟಿ, ಎಲ್ಲ ಕನ್ನಡದಲ್ಲೇ ಇರಲಿ ಅಂತ ಆಸೆ. ಬಫೆಗೆ ಒಳ್ಳೆಯ ಕನ್ನಡ ಪದ ಹೇಳ್ತೀರಾ? ನಾಳೆ ಬೆಳಿಗ್ಗೆ ಕೊಡಬೇಕು.

ಕೇಳಿದವರಿಗೆ ಬೇಕಾದ್ದನ್ನು ಮೊದಲು ಕೊಟ್ಟುಬಿಡುತ್ತೇನೆ. ಇಷ್ಟೊಂದು ಉತ್ತರ ಬಂದಮೇಲೂ ಅವರ ಕೈಗೆ ಪ್ರಿಂಟಿಗೆ ಕೊಡುವಂಥ ಒಂದು ಸಾಲೂ ಸಿಕ್ಕಿಲ್ಲ.

ಕರೆಯೋಲೆಗೆ: "ರಾತ್ರಿ 8ಕ್ಕೆ ಊಟ. ಬಫೆ ಇಟ್ಟಿದ್ದೇವೆ, ಮನೆಮಂದಿಯೆಲ್ಲ ಬನ್ನಿ."
ಫಲಕಕ್ಕೆ: "ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳಿ."

ಸಾಕು. ಹೆಸರು ಎರವಲಿರಲಿ, ಹೇಳುವ ಮಾತು ನಮ್ಮದಿರಲಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ, ಪುರುಸೊತ್ತಿದ್ದವರು ಓದಿ.

> ಹಿಂದಿಯವರು ಎಷ್ಟು ಚೆನ್ನಾಗಿ "ಸ್ವರುಚಿ ಭೋಜ್" ಮಾಡಿಕೊಂಡಿದ್ದಾರೆ. ನಾವು "ಸ್ವರುಚಿ ಭೋಜನ" ಅನ್ನಬಹುದು.

ಬೇಡ. ಹಿಂದಿ, ಗುಜರಾತಿ ಮದುವೆ ಕಾಗದಗಳಲ್ಲಿ ಅದು ಓಡಾಡುತ್ತಿದೆ, ಅಲ್ಲಿಯ ಕಿವಿಗೆ ಒಗ್ಗಿದೆ, ಸರಿ. ಕನ್ನಡದಲ್ಲಿ ಮನೆಗೆ ಕರೆಯುವಾಗ ಭೋಜನಕ್ಕೆ ಬನ್ನಿ ಅನ್ನುತ್ತೀರಾ? ಊಟಕ್ಕೆ ಬನ್ನಿ ಅನ್ನುತ್ತೀರಿ. ಇನ್ನು "ಸ್ವರುಚಿ" ಅಂದರೆ ಉಣ್ಣುವವರ ರುಚಿಯೋ ಉಣಬಡಿಸುವವರ ರುಚಿಯೋ, ಮೊದಲ ಸಲ ಓದಿದವರಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಬೇಡ ಅಂತ ಹೊರಟು ಹಿಂದಿಯ ಸಂಸ್ಕೃತವನ್ನು ಹೊತ್ತುಕೊಂಡು ಬಂದರೆ ಅದೂ ಎರವಲೇ ಅಲ್ವಾ?

> "ನಿಂತೂಟ". ಅಚ್ಚಗನ್ನಡ, ಲೋಪಸಂಧಿಯೂ ಸರಿ. ಚರ್ಚೆ ಮುಗೀತು.

ಮುಗಿದಿಲ್ಲ. ಸಂಧಿ ಸರಿ ಇದ್ದ ಮಾತ್ರಕ್ಕೆ ಪದ ಸರಿ ಆಗುವುದಿಲ್ಲ. ನಿಲ್ಲುವುದು ಬಫೆಯ ಲಕ್ಷಣವೇ ಅಲ್ಲ, ಛತ್ರದಲ್ಲಿ ಕುರ್ಚಿ ಸಾಲದೆ ಹೋದಾಗ ಬರುವ ಪಾಡು ಅದು. ಮನೆಯಲ್ಲಿ ಬಫೆ ಅಂದರೆ ತಟ್ಟೆ ತುಂಬಿಸಿಕೊಂಡವರು ಸೋಫಾದಲ್ಲಿ, ಮೆಟ್ಟಿಲ ಮೇಲೆ, ಟೆರೇಸಿನ ಕಟ್ಟೆ ಮೇಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರುತ್ತಾರೆ. ನಿಂತು ಉಣ್ಣಬಾರದು ಅಂತ ನಂಬಿಕೊಂಡು ಬಂದ ಹಿರಿಯರು ಎಲ್ಲರ ಮನೆಯಲ್ಲೂ ಇದ್ದಾರೆ. ಕಾರ್ಡಿನಲ್ಲೇ "ನಿಂತೂಟ" ಅಂತ ಕಂಡರೆ ಅವರು ಮನೆಯಲ್ಲೇ ಉಂಡು ಹೊರಡುತ್ತಾರೆ.

> ಹಾಗಾದರೆ "ಬಡಿಸದೂಟ"?

ಇಲ್ಲ. ಬಡಿಸದ ಮನೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

> ಮೂಲ ಪದದ ಅರ್ಥ ಹಿಡಿದು ಅನುವಾದ ಮಾಡಿ, ಸುಮ್ನೆ ಹೊಸೆಯಬೇಡಿ.

ಸರಿ, ಮೂಲಕ್ಕೇ ಹೋಗೋಣ. ಫ್ರೆಂಚಿನಲ್ಲಿ ಬಫೆ ಅಂದರೆ ಊಟದ ಕೋಣೆಯ ಗೋಡೆಗೆ ತಾಗಿಸಿ ಇಡುವ ಬೀರು. ತಟ್ಟೆ ಪಿಂಗಾಣಿ ಒಳಗೆ, ತಿಂಡಿ ತೀರ್ಥ ಮೇಲೆ. ಆ ಬೀರುವಿನ ಹೆಸರೇ ಅದರ ಮೇಲಿಟ್ಟ ಊಟಕ್ಕೆ ಅಂಟಿಕೊಂಡಿತು. ಆ ಪದದಲ್ಲಿ "ತಾನೇ" ಅನ್ನುವುದೂ ಇಲ್ಲ, "ನಿಂತು" ಅನ್ನುವುದೂ ಇಲ್ಲ, "ರುಚಿ" ಅನ್ನುವುದೂ ಇಲ್ಲ. ಮೂಲದ ಅರ್ಥ ಹಿಡಿದರೆ "ಬೀರೂಟ" ಅನ್ನಬೇಕಾಗುತ್ತದೆ. ಆಗುತ್ತಾ? ಜಪಾನಿನವರು ಇದಕ್ಕೆ "ಬೈಕಿಂಗು" ಅನ್ನುತ್ತಾರೆ, ಅಂದರೆ ವೈಕಿಂಗ್. ಟೋಕಿಯೋದ ಇಂಪೀರಿಯಲ್ ಹೋಟೆಲಿನವರು 1958ರಲ್ಲಿ ಉತ್ತರ ಯುರೋಪಿನ ಮಾದರಿಯ ಊಟದ ಮೇಜು ಶುರುಮಾಡಿ "ಇಂಪೀರಿಯಲ್ ವೈಕಿಂಗ್" ಅಂತ ಹೆಸರಿಟ್ಟರು, ಅದೇ ಇಡೀ ದೇಶಕ್ಕೆ ಹಬ್ಬಿತು. ಅನುವಾದವೂ ಅಲ್ಲ, ಶುದ್ಧ ಜಪಾನಿಯೂ ಅಲ್ಲ, ಆದರೂ ಇವತ್ತು ಅದು ಅವರ ಪದ. ಬಳಸಿದವರಿಂದ ಪದ ಉಳಿಯಿತು.

> ಎರವಲು ಪದ ಒಂದನ್ನು ಒಳಗೆ ಬಿಟ್ಟರೆ ಹಿಂದೆಯೇ ನೂರು ನುಗ್ಗುತ್ತವೆ. ನಾಚಿಕೆಯಾಗಬೇಕು ನಮಗೆ.

ಇಂಥ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮೇಲೆ "ಬೀರು" ಅಂತ ಬರೆದೆನಲ್ಲ, ಯಾರಿಗಾದರೂ ಚುಚ್ಚಿತಾ? ಅದೂ ಫ್ರೆಂಚಿನದೇ, "ಬ್ಯೂರೋ" ಬಂದು ಬೀರು ಆಗಿದೆ. ಅಲಮಾರು ಪೋರ್ಚುಗೀಸಿನದು. ಕುರ್ಚಿ ಅರಬ್ಬಿ ಮೂಲದ್ದು. ಬಟಾಟೆ, ಅನಾನಸು ಹಡಗಿನಲ್ಲಿ ಬಂದವು. ಎಲ್ಲ ನಮ್ಮ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ನಮ್ಮ ಮನೆಯಲ್ಲೇ ಇವೆ, ಯಾರೂ ಹೊರಗೆ ಹಾಕಿಲ್ಲ.

ಅಷ್ಟೇ ಯಾಕೆ, ನೀವೆಲ್ಲ ಅಚ್ಚಗನ್ನಡ ಅಂತ ಎದೆ ತಟ್ಟಿಕೊಳ್ಳುವ "ಬಡಿಸು"ವನ್ನೇ ನೋಡಿ. ಇದು "ಬಡಿ"ಯಿಂದ ಬಂದದ್ದು ಅಂತ ಒಬ್ಬರು ಬರೆದಿದ್ದಾರೆ. ತಪ್ಪು. ಹೊಡೆಯುವುದಕ್ಕೂ ಅನ್ನ ಹಾಕುವುದಕ್ಕೂ ಏನು ಸಂಬಂಧ? ಹಳಗನ್ನಡದಲ್ಲಿ ಅದು "ಬಡ್ಡಿಸು". ತೆಲುಗಿನಲ್ಲಿ "ವಡ್ಡಿಂಚು". ಮರಾಠಿಯಲ್ಲಿ "ವಾಢಣೆ", ಅದಕ್ಕೆ ಬೆಳೆಯುವುದು ಅಂತಲೂ ಅರ್ಥ, ಊಟ ಬಡಿಸುವುದು ಅಂತಲೂ ಅರ್ಥ. ಮೂರನ್ನೂ ಪಕ್ಕಪಕ್ಕ ಇಟ್ಟರೆ ದಾರಿ ಬೆಳೆಯುವುದು ಅನ್ನುವ ಅರ್ಥದ ಪ್ರಾಕೃತದ "ವಡ್ಢ" ಕಡೆಗೇ ಹೋಗುತ್ತದೆ ಅಂತ ನಾನು ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ, ಇವತ್ತೂ ಹೇಳುತ್ತೇನೆ. ಹಾಗಂತ ಬಡಿಸು ಬಿಟ್ಟುಬಿಡೋಣವಾ? ಅಚ್ಚಗನ್ನಡವೇ ಬೇಕು ಅನ್ನುವವರಿಗೆ "ಇಕ್ಕು" ಇದೆ. ಮಂಡ್ಯದ ಕಡೆ ಇವತ್ತಿಗೂ "ಉಣ್ಣಾಕಿಕ್ಕು" ಅಂತಾರೆ. ಧಾರವಾಡದ ಕಡೆ ಊಟಕ್ಕೆ "ನೀಡು"ತ್ತಾರೆ. ಹವ್ಯಕರ ಮನೆಗಳಲ್ಲಿ "ಬಳುಸು"ತ್ತಾರೆ, ತುಳುವಿನಲ್ಲೂ ಅದೇ ಪದ ಇದೆ. ಒಂದು ಅನ್ನ ಹಾಕುವ ಕೆಲಸಕ್ಕೆ ನಮ್ಮಲ್ಲಿ ಇಷ್ಟು ಮಾತುಗಳಿವೆ. ಇವನ್ನು ಬಾಯಿಂದ ಬಿಡದೆ ಉಳಿಸಿಕೊಂಡರೆ ಸಾಕು, ಒಂದು ಬಫೆಯಿಂದ ಕನ್ನಡ ಮುಳುಗುವುದಿಲ್ಲ.

ಈಗ ವ್ಯಾಕರಣದ ಮಾತು. ಬಫೆಯ ವಿಶೇಷ ಏನು? ಉಣ್ಣುವವರೇ ಹಾಕಿಕೊಳ್ಳುವುದು. ಅದಕ್ಕೆ ನಮ್ಮಲ್ಲಿ "ಕೊಳ್ಳು" ಇದೆ. ಬಡಿಸಿಕೊಳ್ಳು, ಇಕ್ಕಿಕೊಳ್ಳು, ನೀಡಿಕೊಳ್ಳು, ಹಾಕಿಕೊಳ್ಳು. ಇಂಗ್ಲಿಷಿನವರು ಎರಡು ಪದ ಜೋಡಿಸಿ, "ಸ್ವಸಹಾಯ" ಅನ್ನುವವರು ಸಮಾಸ ಕಟ್ಟಿ ಹೇಳುವುದನ್ನು ನಾವು ಕ್ರಿಯಾಪದದ ಬಾಲದಲ್ಲೇ ಹೇಳಿ ಮುಗಿಸುತ್ತೇವೆ. ಇಲ್ಲಿ ನಾಮಪದಕ್ಕಾಗಿ ಯಾಕೆ ಇಷ್ಟು ಪರದಾಟ? 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗಲೂ ಇದೇ ಆಯಿತು. ಬೋರ್ಡಿನಲ್ಲಿ "ಸ್ವಸಹಾಯ ಪದ್ಧತಿ" ಅಂತ ಬರೆದರು, ಜನ "ಸೆಲ್ಫ್ ಸರ್ವೀಸ್" ಅಂದರು, "ನಾವೇ ತಗೋಬೇಕು" ಅಂದರು. ಬೋರ್ಡಿನ ಪದ ಬೋರ್ಡಿನಲ್ಲೇ ಉಳಿಯಿತು.

> ಬಫೆ ನಮ್ಮ ಸಂಸ್ಕೃತಿಯೇ ಅಲ್ಲ. ಎಲೆ ಹಾಕಿ ಪಂಕ್ತಿ ಊಟ ಮಾಡಿಸಿ, ಪದದ ಗೋಜೇ ಇರಲ್ಲ.

ಕೇಳಿದ್ದು ಪದ, ಊಟದ ಕ್ರಮ ಅಲ್ಲ. ಆದರೂ ಎತ್ತಿದ್ದೀರಿ, ಅದಕ್ಕೇ ಹೇಳುತ್ತೇನೆ. ಪಂಕ್ತಿ ನನಗೂ ಇಷ್ಟ. ಆ ಪದವೇ ಕರಾವಳಿಯಲ್ಲಿ "ಹಂತಿ" ಆಗಿದೆ, ಉತ್ತರ ಕರ್ನಾಟಕದಲ್ಲಿ ಕಣದಲ್ಲಿ ತೆನೆ ತುಳಿಸುವ ಎತ್ತಿನ ಸಾಲೂ ಹಂತಿಯೇ, ಅಲ್ಲಿ ಹಾಡುವುದು ಹಂತಿ ಪದ. ಪ-ಹ ಬದಲಾವಣೆಗೆ ಇದಕ್ಕಿಂತ ಚೆಂದದ ಉದಾಹರಣೆ ಕಡಿಮೆ. ಆದರೆ ಎರಡು ಬೆಡ್‌ರೂಮಿನ ಮನೆಯಲ್ಲಿ ನಲವತ್ತು ಜನಕ್ಕೆ ಎಲೆ ಹಾಕುವುದು ಎಲ್ಲಿ? ಮೂರು ನಾಲ್ಕು ಪಂಕ್ತಿ ಆಗುತ್ತದೆ, ಮನೆಯ ಹೆಂಗಸರು ಕೊನೇ ಪಂಕ್ತಿಗೆ ಕೂರುವಷ್ಟರಲ್ಲಿ ಸಾರು ತಳ ಕಂಡಿರುತ್ತದೆ. ಇನ್ನೂ ಒಂದು ವಿಷಯ ಮರೆಯಬೇಡಿ. "ಪಂಕ್ತಿಭೇದ" ಅಂತ ಒಂದು ಪದ ನಮ್ಮಲ್ಲಿದೆ. ಅದಕ್ಕೆ ಎದುರಾಗಿ "ಸಹಪಂಕ್ತಿ" ಅನ್ನುವುದನ್ನು ಜನ ಹೋರಾಡಿ ಬಳಕೆಗೆ ತರಬೇಕಾಯಿತು. ಯಾರ ಪಕ್ಕ ಯಾರು ಕೂರಬಹುದು ಅನ್ನುವ ಲೆಕ್ಕದಲ್ಲಿ ಎಷ್ಟು ಜನ ಅವಮಾನ ಉಂಡಿದ್ದಾರೋ. ಬಫೆಯ ಮೇಜಿಗೆ ಆ ಲೆಕ್ಕ ಇಲ್ಲ. ನಮ್ಮ ಸಂಸ್ಕೃತಿ ಅಲ್ಲ ಅನ್ನುವ ಮುಂಚೆ ಇದನ್ನೂ ಯೋಚಿಸಿ.

ಹಿರಿಯರಿಗೆ ಬಫೆಯಲ್ಲಿ ನಿಜವಾಗಿ ಇರುವ ತೊಂದರೆ ಬೇರೆ, ಅದನ್ನು ಇಲ್ಲಿ ಯಾರೂ ಹೇಳಲಿಲ್ಲ. ಅದು ಎಂಜಲು. ಮೊದಲ ಸಲ ಹಾಕಿಕೊಳ್ಳುವಾಗ ಏನೂ ಇಲ್ಲ, ಕೈ ಶುದ್ಧ. ಎರಡನೇ ಸಲ ಅನ್ನ ಬೇಕಾದಾಗ ಬಲಗೈ ಸಾರನ್ನ ಕಲಸಿದ ಕೈ, ಅದರಲ್ಲಿ ಸೌಟು ಮುಟ್ಟುವಂತಿಲ್ಲ. ಎಡಗೈಯಲ್ಲಿ ತಟ್ಟೆ ಇದೆ. ತಟ್ಟೆಯನ್ನು ಬಲಗೈಗೆ ದಾಟಿಸಿ ಎಡಗೈಯಲ್ಲಿ ಅನ್ನ ಹಾಕಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ನಮ್ಮಜ್ಜಿಯಂಥವರು ಒಂದೇ ಸಲ ಹಾಕಿಕೊಂಡು ಅರ್ಧಹೊಟ್ಟೆಯಲ್ಲಿ ಎದ್ದುಬಿಡುತ್ತಾರೆ, ಕೇಳಿದರೆ ಸಾಕಪ್ಪಾ ಅಂತಾರೆ. ಕೇಳಿದವರೇ, ದಯವಿಟ್ಟು ಅನ್ನ ಸಾರಿನ ಹತ್ತಿರ ಮನೆಯವರು ಯಾರಾದರೂ ಒಬ್ಬರು ಸೌಟು ಹಿಡಿದು ನಿಂತಿರಿ. ಫಲಕದಲ್ಲಿ ಇನ್ನೊಂದು ಸಾಲು ಸೇರಿಸಿ: "ಎರಡನೇ ಸಲ ನಾವೇ ಬಡಿಸುತ್ತೇವೆ, ತಟ್ಟೆ ಹಿಡಿಯಿರಿ." ಚಿಕ್ಕ ಬಟ್ಟಲುಗಳನ್ನೂ ಇಡಿ, ಇಲ್ಲದಿದ್ದರೆ ಚಪ್ಪಟೆ ತಟ್ಟೆಯಲ್ಲಿ ಸಾರು, ಹುಳಿ, ಪಾಯಸ ಎಲ್ಲ ಒಂದಾಗುತ್ತದೆ.

ಚೀಟಿಗಳ ವಿಷಯ. "ಪದಾರ್ಥದ ಹೆಸರು: ಕೋಸಂಬರಿ" ಅಂತೆಲ್ಲ ಬೇಡ, "ಕೋಸಂಬರಿ" ಸಾಕು, ನೋಡಿದರೆ ಗೊತ್ತಾಗುತ್ತದೆ. ಗೊತ್ತಾಗದ್ದನ್ನು ಬರೆಯಿರಿ. "ಗೋಡಂಬಿ ಇದೆ." "ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ." "ಖಾರ ಜಾಸ್ತಿ." ಒಬ್ಬರು ಸೂಚಿಸಿದ "ತೀಕ್ಷ್ಣ" ಬೇಡ, ಮಕ್ಕಳಿಗೆ ಅರ್ಥವಾಗಲ್ಲ. ಇನ್ನೊಬ್ಬರ "ಭೋಜನೋತ್ತರ ಸಿಹಿ"ಯೂ ಬೇಡ. ಹಳೆ ಮೈಸೂರಿನ ಕಡೆ ಎಲೆಗೆ ಪಾಯಸ ಮೊದಲೇ ಬೀಳುತ್ತದೆ, ಅದು ಯಾವಾಗ "ಉತ್ತರ" ಆಯಿತು? "ಸಿಹಿ" ಅಂದರೆ ಮುಗೀತು.

> "ಬಫೆಟ್" ಅಂತ ಬರೆಯಬೇಕು, ಇಂಗ್ಲಿಷಿನಲ್ಲಿ ಕೊನೆಗೆ ಟಿ ಇದೆ.

ಇದೆ, ಆದರೆ ಫ್ರೆಂಚರೂ ಅದನ್ನು ನುಡಿಯುವುದಿಲ್ಲ, ಕ್ಯಾಟರಿಂಗಿನವರೂ ನುಡಿಯುವುದಿಲ್ಲ. "ಬಫೆಟ್" ಅಂತ ಉಚ್ಚರಿಸಿದರೆ ಇಂಗ್ಲಿಷಿನಲ್ಲಿ ಅದು ಏಟು ಅನ್ನುವ ಅರ್ಥದ ಬೇರೆ ಪದ. "ಬಫೆ" ಎಕಾರಾಂತ, ನಮ್ಮ "ಮನೆ" ಹಾದಿಯಲ್ಲೇ ಹೋಗುತ್ತದೆ: ಬಫೆಗೆ, ಬಫೆಯಲ್ಲಿ, ಬಫೆಯಿಂದ. "ಬಫೆಟ್" ಅಂತ ಬರೆದರೆ ನಾಳೆ "ಬಫೆಟ್ಟಿಗೆ" ಅನ್ನಬೇಕು. ಕನ್ನಡಕ್ಕೆ ಸಲೀಸಾಗಿ ಕೂರುವ ರೂಪ ಕಣ್ಣೆದುರೇ ಇರುವಾಗ ಸ್ಪೆಲಿಂಗು ನೋಡಿ ಬರೆಯುವುದು ಯಾಕೆ?

ಕೊನೆಗೊಂದು. ಪ್ರಿಂಟಿಗೆ ಕೊಡುವಾಗ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಯೂನಿಕೋಡಿನಿಂದ ಅವರ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ ಹಾರಿಹೋಗುವುದುಂಟು. "ಬಡಿಸಿಕೊಳ್ಳಿ"ಯ ಳಕಾರದ ಒತ್ತನ್ನು, "ಹಾಕಿಲ್ಲ"ದ ಲಕಾರದ ಒತ್ತನ್ನು ಪ್ರೂಫಿನಲ್ಲಿ ನೀವೇ ಕಣ್ಣಿಟ್ಟು ನೋಡಿ.