12 ಇಂಚಿನ ಡಾಬ್ಸೋನಿಯನ್ ಇದ್ದರೂ ಗೆಲಾಕ್ಸಿಗಳು ಕಾಣುತ್ತಿಲ್ಲ; 16 ಇಂಚಿಗೆ ಹೋಗಬೇಕೆ?

ನವನಗರ ತಾರಸಿ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 12 ಇಂಚು ಕನ್ನಡಿಯ, 1500 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ ದೂರದರ್ಶಕ ಇದೆ. ಐಪೀಸ್ (ಕಣ್ಣಿಡುವ ಮಸೂರ) ಎರಡು: 25 ಮಿ.ಮೀ. ಮತ್ತು 10 ಮಿ.ಮೀ. ನವನಗರದ ನಮ್ಮ ಮನೆಯ ತಾರಸಿಯಿಂದ ಶನಿಯ ಬಳೆ, ಚಂದ್ರನ ಕುಳಿಗಳು, ಮಹಾವ್ಯಾಧನ ನೀಹಾರಿಕೆ ಚೆನ್ನಾಗಿ ಕಾಣುತ್ತವೆ. ಗೆಲಾಕ್ಸಿಗಳ ವಿಷಯದಲ್ಲಿ ಮಾತ್ರ ನಿರಾಶೆ. ಎಂ 51 ಎಂಬ ಸುರುಳಿ ಗೆಲಾಕ್ಸಿ (‘ಎಂ’ ಎಂದರೆ ಮೆಸ್ಸಿಯೆ ಪಟ್ಟಿಯ ಸಂಖ್ಯೆ) ಎಂದರೆ ಎರಡು ಮಸುಕು ಚುಕ್ಕೆಗಳು, ಸುರುಳಿಯ ಸುಳಿವೇ ಇಲ್ಲ. ಕನ್ಯಾ ರಾಶಿಯ ಗೆಲಾಕ್ಸಿ ಸಮೂಹದಲ್ಲಿ ಎಂ 87 ಬಿಟ್ಟರೆ ಯಾವುದೂ ಖಚಿತವಾಗಲಿಲ್ಲ. ಎಂ 101 ಇರುವ ಜಾಗ ಸರಿಯಾಗಿ ಹಿಡಿದರೂ ಅಲ್ಲಿ ಏನೂ ಕಾಣುವುದಿಲ್ಲ.

ಫೋಟೊ ತೆಗೆಯುವ ಆಸೆ ನನಗಿಲ್ಲ. ಆ ಬೆಳಕು ನನ್ನ ಕಣ್ಣಿಗೇ ಬೀಳಬೇಕು, ಅಷ್ಟೇ. ಇದನ್ನು ಮಾರಿ, ಇನ್ನಷ್ಟು ಹಣ ಸೇರಿಸಿ 16 ಇಂಚಿನದನ್ನು ಕೊಂಡರೆ ವ್ಯತ್ಯಾಸ ಕಾಣುವುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಎರೆಹೊಲ (ಗದಗ)

ಮಾರಬೇಡಿ. ಮೊದಲು ಅದನ್ನು ಊರಾಚೆ ಒಯ್ಯಿರಿ.

ನಾನು ಗದಗಿನವನು, ಮುದ್ರಣಾಲಯದಲ್ಲಿ ದುಡಿಯುತ್ತೇನೆ. ನನ್ನದೂ 12 ಇಂಚಿನದೇ. ನಿಮ್ಮ ತೊಂದರೆ ಇರುವುದು ಹಿನ್ನೆಲೆಯಲ್ಲಿ, ಕನ್ನಡಿಯ ಅಗಲದಲ್ಲಲ್ಲ. ಬೂದು ಕಾಗದದ ಮೇಲೆ ಬೂದು ಶಾಯಿಯಿಂದ ಅಚ್ಚು ಹಾಕಿದರೆ ಅಕ್ಷರವನ್ನು ದೊಡ್ಡದು ಮಾಡಿದಷ್ಟೂ ಸ್ವಲ್ಪ ಸಹಾಯವಾಗುತ್ತದೆ, ನಿಜ. ಆದರೆ ಬಿಳಿ ಕಾಗದ ಸಿಕ್ಕರೆ ಚಿಕ್ಕ ಅಕ್ಷರವೂ ಸಲೀಸಾಗಿ ಓದಿಸಿಕೊಳ್ಳುತ್ತದೆ. ಗೆಲಾಕ್ಸಿಯಂತಹ ಹರಡಿದ ಬೆಳಕಿನ ಮೇಲ್ಮೈಯನ್ನು ಬರಿಗಣ್ಣಿಗೆ ಇರುವುದಕ್ಕಿಂತ ಹೆಚ್ಚು ಪ್ರಕಾಶಮಾನವಾಗಿ ಯಾವ ದೂರದರ್ಶಕವೂ ತೋರಿಸಲಾರದು. ದೊಡ್ಡ ಕನ್ನಡಿ ಅದೇ ಹೊಳಪಿನ ಬಿಂಬವನ್ನು ಹೆಚ್ಚು ಹಿಗ್ಗಿಸಿ ಕೊಡುತ್ತದೆ. ಹಿಗ್ಗಿಸುವಾಗ ಹುಬ್ಬಳ್ಳಿಯ ಬೀದಿದೀಪಗಳು ಬೆಳಗಿದ ಆಕಾಶವೂ ಜೊತೆಗೇ ಬರುತ್ತದೆ. 12ರಿಂದ 16 ಇಂಚಿಗೆ ಹೋದರೆ ಬೆಳಕು ಸುಮಾರು 1.8 ಪಟ್ಟು ಹೆಚ್ಚುತ್ತದೆ, ಕಾಂತಿಮಾನದ (ಹೊಳಪಿನ ಅಳತೆ, ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು) ಲೆಕ್ಕದಲ್ಲಿ 0.6. ತಾರಸಿ ಬಿಟ್ಟು ಕಪ್ಪು ಆಕಾಶದ ಕೆಳಗೆ ಹೋದರೆ ಸಿಗುವ ಲಾಭ ಇದಕ್ಕಿಂತ ಬಹಳ ದೊಡ್ಡದು, ಖರ್ಚು ಪೆಟ್ರೋಲಿನದು ಮಾತ್ರ.

ಎಂ 101 ಕಾಣದಿರುವುದಕ್ಕೂ ಇದೇ ಕಾರಣ. ಪಟ್ಟಿಯಲ್ಲಿ ಅದರ ಕಾಂತಿಮಾನ 7.9 ಎಂದಿರುತ್ತದೆ, ಓದಿದವರು ಸುಲಭದ್ದು ಎಂದುಕೊಳ್ಳುತ್ತಾರೆ. ಆದರೆ ಅಷ್ಟು ಬೆಳಕು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ ಹರಡಿಕೊಂಡಿದೆ. ಊರ ಬೆಳಕಿನಲ್ಲಿ ಮೊದಲು ಅಳಿಸಿಹೋಗುವುದು ಇಂಥವೇ.

ನಾನು ಹೋಗುವುದು ಗದಗ ದಾಟಿ ಶಿರಹಟ್ಟಿ, ಮುಂಡರಗಿ ಕಡೆಯ ಹೊಲಗಳಿಗೆ. ಕಪ್ಪತಗುಡ್ಡ ವನ್ಯಜೀವಿ ಧಾಮದೊಳಗೆ ರಾತ್ರಿ ಕಾಲಿಡಬೇಡಿ, ಅನುಮತಿ ಬೇಕು. ಹೊರಗಿನ ಪರಿಚಯದವರ ಹೊಲವೇ ಸಾಕು. ಗಾಳಿಯಂತ್ರಗಳ ಕೆಂಪು ದೀಪಗಳು ಅಂಚಿನಲ್ಲಿ ಮಿನುಗುತ್ತವೆ, ಅವುಗಳಿಗೆ ಬೆನ್ನು ಮಾಡಿ ನಿಂತರಾಯಿತು. ಸುಗ್ಗಿ ಮುಗಿದ ಮೇಲೆ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ: ಗಟ್ಟಿ, ಸಮತಟ್ಟು, ನಾಲ್ಕೂ ದಿಕ್ಕು ಬಯಲು. ಆದರೆ ರಾಶಿ ನಡೆಯುತ್ತಿರುವ ದಿನಗಳಲ್ಲಿ ಹೋಗಬೇಡಿ, ಹೊಟ್ಟು ಮತ್ತು ಧೂಳು ಇಡೀ ರಾತ್ರಿ ಗಾಳಿಯಲ್ಲಿರುತ್ತವೆ.

ಕಣ್ಣಿನ ಮಾತು. ಕತ್ತಲಲ್ಲಿ ಕೆಲಸ ಮಾಡುವ ಕಡ್ಡಿಕೋಶಗಳು ಪೂರ್ತಿ ಎಚ್ಚರಗೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಅರ್ಧ ಗಂಟೆ ಹೋಯಿತು. ನಕಾಶೆಗೆ ಮಂದ ಕೆಂಪು ದೀಪ ಮಾತ್ರ ಬಳಸಿ. ಗೆಲಾಕ್ಸಿಯನ್ನು ನೇರವಾಗಿ ದಿಟ್ಟಿಸಬೇಡಿ: ಕಣ್ಣಿನ ನಟ್ಟನಡುವೆ ಕಡ್ಡಿಕೋಶಗಳಿಲ್ಲ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಓರೆನೋಟದಲ್ಲಿ ಗಮನಿಸಿ. ಅನುಮಾನವಿದ್ದರೆ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಿಂತ ಮಸುಕಿಗಿಂತ ಅಲುಗುವ ಮಸುಕು ಕಣ್ಣಿಗೆ ಬೇಗ ಸಿಗುತ್ತದೆ. ನಾನು ತಲೆಯ ಮೇಲೆ ಕರಿ ಕಂಬಳಿ ಹೊದ್ದು ಐಪೀಸಿಗೆ ಬಾಗುತ್ತೇನೆ. ದಾರಿಹೋಕರಿಗೆ ವಿಚಿತ್ರ ಕಾಣಬಹುದು, ಆದರೆ ಪಕ್ಕದ ಬೆಳಕು ತಡೆಯಲು ಇಷ್ಟು ಚೆನ್ನಾದ ಸಾಧನ ಬೇರೆ ಇಲ್ಲ.

ಬಣ್ಣವನ್ನು ನಿರೀಕ್ಷಿಸಬೇಡಿ, ಕಡ್ಡಿಕೋಶಗಳಿಗೆ ಅದು ತಿಳಿಯದು. ಸುರುಳಿಯನ್ನು ಮಾತ್ರ ಧಾರಾಳವಾಗಿ ನಿರೀಕ್ಷಿಸಿ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರೋಸ್ ಎಂ 51ರ ಸುರುಳಿಯನ್ನು ಮೊದಲು ಕಂಡದ್ದು 72 ಇಂಚಿನ ಲೋಹದ ಕನ್ನಡಿಯಲ್ಲಿ, ಬರೆದಿಟ್ಟದ್ದು ಕೈಯಿಂದ. ಆ ಲೋಹ ಬಿದ್ದ ಬೆಳಕಿನ ಮೂರನೇ ಎರಡು ಪಾಲನ್ನಷ್ಟೇ ಪ್ರತಿಫಲಿಸುತ್ತಿತ್ತು. ನಿಮ್ಮ ಅಲ್ಯುಮಿನಿಯಂ ಲೇಪದ 12 ಇಂಚು, ಕಪ್ಪು ಆಕಾಶದ ಕೆಳಗೆ, ಆ ತೋಳುಗಳನ್ನು ತೋರಿಸಬಲ್ಲದು. ನಾನು ನೋಡಿದ್ದೇನೆ. ಸ್ಥಿರವಾಗಿ ನಿಲ್ಲುವುದಿಲ್ಲ, ಬಂದು ಹೋಗುತ್ತದೆ, ಮತ್ತೆ ಬರುತ್ತದೆ. ಆ ಬರುವಿಕೆಗಾಗಿ ಕಾಯುವುದೇ ಈ ಹವ್ಯಾಸ.

ಡಾಬ್ಸೋನಿಯನ್ ವಿನ್ಯಾಸ ಹುಟ್ಟಿದ್ದೂ ಸಾಗಿಸುವುದಕ್ಕಾಗಿಯೇ. ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದವರು. ಅಗ್ಗದ ಸಾಮಾನುಗಳಿಂದ ದೊಡ್ಡ ದೂರದರ್ಶಕ ಕಟ್ಟಿ, ಬೀದಿಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ಒಯ್ದು ಜನರಿಗೆ ತೋರಿಸಿದವರು. ಅಂಥದ್ದನ್ನು ತಾರಸಿಯಲ್ಲೇ ಕಟ್ಟಿಹಾಕಬೇಡಿ.

ಹದಿನಾರು ಇಂಚು (ಹಾವೇರಿ)

ಗದಗಿನ ಅಣ್ಣನವರ ಮಾತಿಗೆ ಬಹುಪಾಲು ಒಪ್ಪುತ್ತೇನೆ, ಒಂದು ಕಡೆ ತಿದ್ದುಪಡಿ ಬೇಕು. ಅವರು ಹೇಳಿದ ನಿಯಮ ಹರಡಿದ ಬೆಳಕಿಗೆ ಮಾತ್ರ. ನಕ್ಷತ್ರ ಬಿಂದುವಾಗಿಯೇ ಉಳಿಯುತ್ತದೆ. ವರ್ಧನೆ ಹೆಚ್ಚಿಸಿದರೆ ಹಿನ್ನೆಲೆ ಕಪ್ಪಾಗುತ್ತದೆ, ನಕ್ಷತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಗೋಳಾಕಾರದ ತಾರಾಗುಚ್ಛಗಳಲ್ಲಿ ಊರೊಳಗೂ ದೊಡ್ಡ ಕನ್ನಡಿಯ ಲಾಭ ಪೂರ್ತಿ ಸಿಗುತ್ತದೆ.

ನಾವು ಇರುವ ಅಕ್ಷಾಂಶಕ್ಕೆ ಇದರಲ್ಲಿ ಒಂದು ಭಾಗ್ಯವೂ ಇದೆ. ಯುರೋಪಿನ ಬಹುಪಾಲು ವೀಕ್ಷಕರಿಗೆ ತಮ್ಮ ಊರಿನಿಂದ ಕಾಣದ ಒಮೆಗಾ ಸೆಂಟಾರಿ ನಮಗೆ ದಕ್ಷಿಣದಲ್ಲಿ 27 ಡಿಗ್ರಿ ಎತ್ತರಕ್ಕೆ ಬರುತ್ತದೆ. ಖಗೋಳಜ್ಞ ಹ್ಯಾಲಿ 1677ರಲ್ಲಿ ಅದನ್ನು ಗುರುತಿಸಲು ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿದ್ದಾಗ ಸಾಧ್ಯವಾಯಿತು; ನಮಗೆ ಮೇ ತಿಂಗಳ ಆರಂಭದಲ್ಲಿ ರಾತ್ರಿ ಹನ್ನೊಂದೂವರೆಗೆ ಹೊಲದ ಬದುವಿನ ಮೇಲೆಯೇ ನಿಂತಿರುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಚ್ಛ. 16 ಇಂಚಿನಲ್ಲಿ 200 ಪಟ್ಟು ವರ್ಧನೆಯಲ್ಲಿ ಅದು ನೋಟದ ಅಂಚಿನವರೆಗೆ ತುಂಬಿಕೊಳ್ಳುತ್ತದೆ, ನಡುವಿನವರೆಗೂ ಬಿಡಿ ಬಿಡಿ ನಕ್ಷತ್ರಗಳು. ನಮ್ಮ ತಂದೆಯವರಿಗೆ ತೋರಿಸಿದೆ. ಏಣಿಯಿಂದ ಇಳಿಯಲು ಒಪ್ಪಲಿಲ್ಲ. ಅದರಿಂದ ನಾಲ್ಕೂವರೆ ಡಿಗ್ರಿ ಉತ್ತರಕ್ಕೆ ಎನ್‌ಜಿಸಿ 5128 ಗೆಲಾಕ್ಸಿ (ಎನ್‌ಜಿಸಿ ಎಂಬುದೂ ಆಕಾಶಕಾಯಗಳ ಒಂದು ಪಟ್ಟಿ). ನಡುವೆ ಹಾದುಹೋಗುವ ಧೂಳಿನ ಕಪ್ಪು ಪಟ್ಟಿ ನಿಮ್ಮ 12 ಇಂಚಿಗೂ ಸಿಗಬೇಕು, ದಕ್ಷಿಣ ದಿಕ್ಕಿನಲ್ಲಿ ಊರು ಇರಬಾರದು ಅಷ್ಟೇ.

16 ಇಂಚನ್ನು ಕೊಂಡವನಾಗಿ ಇನ್ನೊಂದು ಮಾತು: ಒಬ್ಬನೇ ಎತ್ತಲಾಗುವುದಿಲ್ಲ. ವಾಹನ, ಏಣಿ, ಜೊತೆಗೊಬ್ಬರು, ಮೂರೂ ಇದ್ದರೆ ಮಾತ್ರ ಯೋಚಿಸಿ. ಸದ್ಯಕ್ಕೆ ಆ ಹಣದಲ್ಲಿ ಒಂದು ಓ-3 ಫಿಲ್ಟರ್ (ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಗಾಜು) ಕೊಳ್ಳಿ. ಹಂಸ ರಾಶಿಯ ವೇಲ್ ನೀಹಾರಿಕೆ ಅದರಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಅದರ ಬೆಳಕು ಆಮ್ಲಜನಕದ ಕೆಲವೇ ತರಂಗಾಂತರಗಳಲ್ಲಿ ಬರುತ್ತದೆ. ಗೆಲಾಕ್ಸಿಗಳಿಗೆ ಯಾವ ಫಿಲ್ಟರೂ ಬೇಡ. ಅವು ನಕ್ಷತ್ರಗಳ ಬೆಳಕು, ಎಲ್ಲ ತರಂಗಾಂತರಗಳಲ್ಲೂ ಹರಡಿರುತ್ತವೆ.

ಪೆನ್ಸಿಲ್ ಪುಟ (ಧಾರವಾಡ)

ನಾನು ಶಾಲಾ ಶಿಕ್ಷಕಿ. ನಮ್ಮ ಹೊಲ ನವಲಗುಂದದ ಕಡೆ ಇದೆ. ಎಳ್ಳ ಅಮಾವಾಸ್ಯೆಗೆ ಹೇಗೂ ಮನೆಯವರೆಲ್ಲ ಹೊಲಕ್ಕೆ ಚರಗ ಚೆಲ್ಲಲು ಹೋಗಿರುತ್ತೇವೆ. ಊಟ ಮುಗಿದು ಉಳಿದವರು ಹೊರಟ ಮೇಲೆ ನಾನು, ನನ್ನ ಯಜಮಾನರು, ಮಗಳು ಅಲ್ಲೇ ಉಳಿಯುತ್ತೇವೆ. ಆ ರಾತ್ರಿ ಮುಸ್ಸಂಜೆಯ ನಂತರ ದಕ್ಷಿಣದಲ್ಲಿ ಎನ್‌ಜಿಸಿ 253, ಒಂಬತ್ತೂವರೆಯ ಹೊತ್ತಿಗೆ ಫಾರ್ನಾಕ್ಸ್ ಗೆಲಾಕ್ಸಿ ಸಮೂಹ. ಸುಮಾರು ಆರು ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1365ರ ನಡುಪಟ್ಟಿಯನ್ನು ನನ್ನ 10 ಇಂಚಿನಲ್ಲಿ ಹಿಡಿದಿದ್ದೇನೆ.

ಚಿತ್ರ ಬರೆಯಿರಿ. ಇದೇ ನನ್ನ ಮುಖ್ಯ ಸಲಹೆ. ಬಿಳಿ ಹಾಳೆ, ಮೆತ್ತನೆಯ ಪೆನ್ಸಿಲ್, ಉಜ್ಜಲು ಬೆರಳು. ಮೊದಲು ಸುತ್ತಲಿನ ನಕ್ಷತ್ರಗಳು, ಆಮೇಲೆ ಮಸುಕು. ಬರೆಯುವವರು ಅದೇ ಗೆಲಾಕ್ಸಿಯ ಮುಂದೆ ಇಪ್ಪತ್ತು ನಿಮಿಷ ಕೂರಲೇಬೇಕು, ಮೊದಲ ನಿಮಿಷದಲ್ಲಿ ಇಲ್ಲದ ವಿವರ ಹತ್ತನೆಯ ನಿಮಿಷದಲ್ಲಿ ಬರುತ್ತದೆ. ನನ್ನ ವಿದ್ಯಾರ್ಥಿಗಳಲ್ಲೂ ಇದನ್ನು ಕಂಡಿದ್ದೇನೆ: ಬರೆಯುವ ಹುಡುಗಿ ಬರೀ ನೋಡುವ ಹುಡುಗನಿಗಿಂತ ಹೆಚ್ಚು ಕಾಣುತ್ತಾಳೆ.

ಉಳಿದದ್ದು ಬೇಗ ಹೇಳುತ್ತೇನೆ. ಮಳೆ ಬಿದ್ದ ವಾರ ಎರೆಭೂಮಿಗೆ ಕಾರು ಇಳಿಸಬೇಡಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ, ಪೀಠದ ಕೆಳಗೆ ಹಲಗೆ ಹಾಕಿ. ಹಾವಿನ ಭಯ ಇದ್ದೇ ಇದೆ, ಬೂಟು ಹಾಕಿಕೊಳ್ಳಿ. ಹೊಲದ ಯಜಮಾನರಿಗೂ ಪಕ್ಕದ ಹೊಲದವರಿಗೂ ಹಗಲಲ್ಲೇ ಹೇಳಿ ಬನ್ನಿ, ಮಧ್ಯರಾತ್ರಿ ಅಪರಿಚಿತರು ಹೊಲದಲ್ಲಿ ನಿಂತಿದ್ದರೆ ಅವರು ಗಾಬರಿಯಾಗುವುದು ಸಹಜ. ಹೆಣ್ಣುಮಕ್ಕಳು ಬರುವುದಾದರೆ ಕುಟುಂಬದ ಹೊಲವೇ ಸರಿ.

ನವನಗರ ತಾರಸಿ (ಹುಬ್ಬಳ್ಳಿ)

ಎಲ್ಲರಿಗೂ ಧನ್ಯವಾದ. ಮಾರುವ ಯೋಚನೆ ಬಿಟ್ಟೆ. ಗದಗಿನ ಸರ್, ಮೊದಲ ಸಲಕ್ಕೆ ಯಾವ ರಾತ್ರಿ ಒಳ್ಳೆಯದು, ಯಾವುದರಿಂದ ಆರಂಭಿಸಲಿ?

ಎರೆಹೊಲ (ಗದಗ)

ಶಿವರಾತ್ರಿ ಅಥವಾ ಯುಗಾದಿ ಅಮಾವಾಸ್ಯೆ. ಶಿವರಾತ್ರಿ ಕೃಷ್ಣ ಚತುರ್ದಶಿ, ಚಂದ್ರ ಬರುವುದು ಬೆಳಗಿನ ಜಾವಕ್ಕೆ. ಹೇಗೂ ಜಾಗರಣೆ. ಯುಗಾದಿ ಅಮಾವಾಸ್ಯೆಗಾದರೆ ರಾತ್ರಿ ಒಂದರ ಸುಮಾರಿಗೆ ಕನ್ಯಾ ಗೆಲಾಕ್ಸಿ ಸಮೂಹ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಅಲ್ಲಿ ವಾತಾವರಣದ ಅಡ್ಡಿ ಅತಿ ಕಡಿಮೆ. ಆದರೆ ಡಾಬ್ಸೋನಿಯನ್ ನೆಟ್ಟಗೆ ನಿಂತಾಗ ಪಕ್ಕಕ್ಕೆ ಸರಿಸುವುದು ಕಷ್ಟ. ಹನ್ನೊಂದೂವರೆಗೇ ಶುರು ಮಾಡಿ.

ಸೂರ್ಯ ಮುಳುಗುವ ಹೊತ್ತಿಗೇ ದೂರದರ್ಶಕವನ್ನು ಹೊರಗಿಡಿ. ನಮ್ಮ ಬಿಸಿಲಿಗೆ ಕಾದ ಕನ್ನಡಿ ತಣಿಯಲು ಒಂದು ಗಂಟೆಗಿಂತ ಹೆಚ್ಚು ಬೇಕು. ಪ್ರಯಾಣದಲ್ಲಿ ಕುಲುಕಿದ ಕನ್ನಡಿಗಳನ್ನು ಮತ್ತೆ ಒಂದೇ ರೇಖೆಗೆ ಹೊಂದಿಸಿ. ಸಿಂಹದ ಬಾಲದ ಉತ್ತರಾ ನಕ್ಷತ್ರ, ಕನ್ಯಾ ರಾಶಿಯ ಎಪ್ಸಿಲಾನ್ ನಕ್ಷತ್ರ, ಇವೆರಡರ ನಡುಮಧ್ಯಕ್ಕೆ ಫೈಂಡರ್ (ಗುರಿ ಹಿಡಿಯುವ ಚಿಕ್ಕ ದೂರದರ್ಶಕ) ತಿರುಗಿಸಿ, 25 ಮಿ.ಮೀ. ಐಪೀಸ್ ಹಾಕಿ. ಎಂ 84, ಎಂ 86 ಎರಡೂ ಒಂದೇ ನೋಟದಲ್ಲಿ ಬರುತ್ತವೆ. ಕಂಬಳಿ ಹೊದ್ದು ಕಾಯಿರಿ, ಅವುಗಳ ಪಕ್ಕದಲ್ಲಿ ಚಿಕ್ಕವು ಒಂದೊಂದೇ ಮೂಡತೊಡಗುತ್ತವೆ. ಅಲ್ಲಿಂದ ಈಶಾನ್ಯಕ್ಕೆ ಬಾಗಿದ ಸಾಲನ್ನು ಹಿಡಿದು ಹೋಗಿ. ಅದು ಮಾರ್ಕೇರಿಯನ್ ಸರಪಳಿ, 5 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯದು. ಅದು ಸ್ಪಷ್ಟವಾದ ಮೇಲೆ ಎಂ 51ಕ್ಕೆ ತಿರುಗಿ, 10 ಮಿ.ಮೀ. ಹಾಕಿ.

ಹೊರಡುವ ಮುನ್ನ ಇಲ್ಲಿ ಬರೆಯಿರಿ. ಹೊಲದವರಿಗೆ ನಾನೇ ಹೇಳಿಡುತ್ತೇನೆ, ಎರಡನೆಯ ಕಂಬಳಿಯೂ ನನ್ನ ಬಳಿ ಇದೆ.